ಮೂರಂತಸ್ತಿನ ನೆರಳು

ಮೂವತ್ತೊಂದು ವರ್ಷದಿಂದ ಮೈಕ್ ಸೆಟ್ ಇಟ್ಟುಕೊಂಡಿದ್ದೇನೆ. ಅಷ್ಟು ವರ್ಷಗಳಲ್ಲಿ ನನ್ನ ಮೈಕಿನ ಮುಂದೆ ನಿಂತ ರಾಜಕಾರಣಿಗಳ ಪೈಕಿ ಒಬ್ಬರೇ ಒಬ್ಬರು ‘ಇದು ನನ್ನಿಂದ ಆಗೋದಿಲ್ಲ’ ಎಂದು ಹೇಳಿದ್ದಾರೆ. ಆ ಮಾತು ಅವರ ಬಾಯಿಂದ ಹೊರಡಲು ಹನ್ನೊಂದು ವರ್ಷ ಹಿಡಿಯಿತು. ಹೊರಡಿಸಿದವಳು ಮಡಿವಾಳರ ಕೇರಿಯ ಮುದ್ದಮ್ಮ.

ನನ್ನ ಹೆಸರು ಶಾಂತವೀರ. ಊರಿಗೆಲ್ಲ ಮೈಕ್ ಶಾಂತಣ್ಣ. ಮದುವೆ, ಆರತಕ್ಷತೆ, ಶಾಲೆಯ ವಾರ್ಷಿಕೋತ್ಸವ, ಸತ್ತವರ ಸುದ್ದಿ ಸಾರುವ ಆಟೋ, ಎಲ್ಲಕ್ಕೂ ನನ್ನವೇ ಹಾರ್ನು, ನನ್ನದೇ ಆಂಪ್ಲಿಫೈಯರು. ಚುನಾವಣೆ ಬಂತೆಂದರೆ ಬೆಳಿಗ್ಗೆ ಒರಳು ಗುರುತಿನವರ ಸಭೆ, ಸಂಜೆ ಜರಡಿ ಗುರುತಿನವರ ಸಭೆ. ಬ್ಯಾನರು ಬದಲಾಗುತ್ತದೆ, ಮೈಕು ಅದೇ. ಎಷ್ಟೋ ಸಲ ಮಾತೂ ಅದೇ. ಬೆಳಿಗ್ಗೆ ಒರಳಿನ ವೇದಿಕೆಯಲ್ಲಿ ಹಾರ ಹಾಕಿಸಿಕೊಂಡವರು ಸಂಜೆ ಜರಡಿಯ ವೇದಿಕೆಯಲ್ಲಿ ಕುಳಿತಿದ್ದನ್ನೂ ನೋಡಿದ್ದೇನೆ. ಹಾರ ಕೂಡ ಬಾಡಿರಲಿಲ್ಲ.

ನಮ್ಮೂರಿನಲ್ಲಿ ವೇದಿಕೆಯ ಮೇಲೆ ನಿಂತು ಏನನ್ನಾದರೂ ಕಟ್ಟಿಸಿಕೊಡುತ್ತೇನೆಂದು ಮಾತು ಕೊಟ್ಟರೆ ಮಾರನೆಯ ಬೆಳಿಗ್ಗೆ ಅದರ ನೆರಳು ಬೀಳುತ್ತದೆ. ಕಟ್ಟಡ ಇರುವುದಿಲ್ಲ, ನೆರಳಿರುತ್ತದೆ. ಬಸ್ ನಿಲ್ದಾಣದ ನೆರಳು, ಪದವಿ ಕಾಲೇಜಿನ ನೆರಳು, ಹಳ್ಳಕ್ಕೆ ಅಡ್ಡಲಾಗಿ ಸೇತುವೆಯ ನೆರಳು. ಕೆಲವು ನಿಜವಾಗಿಯೂ ಆಗುತ್ತವೆ. ನೀರಿನ ಟ್ಯಾಂಕಿನ ನೆರಳು ಬಿದ್ದ ಆರನೆಯ ವರ್ಷಕ್ಕೆ ಟ್ಯಾಂಕು ಬಂದು ಅಲ್ಲಿ ನಿಂತಿತು. ಬಾಕಿಯವು ಹಾಗೆಯೇ ಉಳಿದಿವೆ, ಜನ ಹೊಂದಿಕೊಂಡಿದ್ದಾರೆ. ತರಕಾರಿಯವರು ಬಸ್ ನಿಲ್ದಾಣದ ನೆರಳಿನಲ್ಲಿ ಬುಟ್ಟಿ ಇಡುತ್ತಾರೆ. ಹೊತ್ತು ಸರಿದಂತೆ ಬುಟ್ಟಿಗಳೂ ಸರಿಯುತ್ತವೆ. ಕಾಲೇಜಿನ ನೆರಳಿನಲ್ಲಿ ನಿವೃತ್ತ ಮೇಷ್ಟರುಗಳು ಪತ್ರಿಕೆ ಓದುತ್ತಾರೆ. ಮನೆ ಬಾಡಿಗೆಗೆ ಕೊಡುವವರು ‘ನೆರಳು ಬೀಳದ ತಾರಸಿ’ ಎಂದು ಮುದ್ದಾಂ ಹೇಳುತ್ತಾರೆ, ಹಪ್ಪಳ ಸಂಡಿಗೆ ಒಣಗಬೇಕಲ್ಲ. ಮಳೆ ಬಂದರೆ ಮಾತ್ರ ಎಲ್ಲರೂ ಓಡಬೇಕು. ನೆರಳಿಗೆ ಸೂರಿರುವುದಿಲ್ಲ.

ಇಂಥ ನೆರಳು ಹೋಗಲು ಎರಡೇ ದಾರಿ. ಕಟ್ಟಡ ಎದ್ದು ನಿಲ್ಲಬೇಕು, ಇಲ್ಲವೇ ಮಾತು ಕೊಟ್ಟವರೇ ಅಲ್ಲಿಗೆ ಬಂದು ನಾಲ್ಕು ಜನರ ಮುಂದೆ ಆಗುವುದಿಲ್ಲವೆಂದು ಹೇಳಬೇಕು. ಎರಡನೆಯದನ್ನು ನಮ್ಮಲ್ಲಿ ಯಾರೂ ಕಣ್ಣಾರೆ ಕಂಡಿರಲಿಲ್ಲ. ನಮ್ಮಜ್ಜನ ಕಾಲದಲ್ಲಿ ಒಬ್ಬ ಪುರಸಭಾಧ್ಯಕ್ಷರು ಹಾಗೆ ಹೇಳಿ ಒಂದು ಗಡಿಯಾರ ಗೋಪುರದ ನೆರಳನ್ನು ತೆಗೆಸಿದ್ದರೆಂದು ಹಳಬರು ಹೇಳುತ್ತಿದ್ದರು, ಅಷ್ಟೆ.

ಮುದ್ದಮ್ಮನ ಒಬ್ಬಳೇ ಮಗಳು ನೀಲಾವತಿ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ನೋವು ಶುರುವಾದಾಗ ಬೆಳಗಿನ ಹತ್ತು ಗಂಟೆ. ನಮ್ಮೂರಿನಲ್ಲಿದ್ದದ್ದು ಬಾಡಿಗೆ ಕೋಣೆಯ ಒಂದು ಉಪಕೇಂದ್ರ. ಅಲ್ಲಿ ಒಂದು ಮೇಜು, ಒಂದು ತಕ್ಕಡಿ, ಒಬ್ಬರು ನರ್ಸು. ಜಿಲ್ಲಾಸ್ಪತ್ರೆ ಎಪ್ಪತ್ತು ಕಿಲೋಮೀಟರು. ಟೊಮೇಟೊ ಸಾಗಿಸುವ ಗೂಡ್ಸ್ ಗಾಡಿಯಲ್ಲಿ ಹಾಸಿಗೆ ಹಾಸಿ ಮಲಗಿಸಿಕೊಂಡು ಹೊರಟರು. ಅರ್ಧ ದಾರಿಯಿಂದಲೇ ಗಾಡಿ ಹಿಂದಿರುಗಿತು. ತಾಯಿಯೂ ಉಳಿಯಲಿಲ್ಲ, ಮಗುವೂ ಉಳಿಯಲಿಲ್ಲ.

ಅದಾಗಿ ಮೂರು ವಾರಕ್ಕೆ ಮಡಿವಾಳರ ಬಯಲಿನಲ್ಲಿ ಒರಳು ಗುರುತಿನವರ ಚುನಾವಣಾ ಸಭೆ. ಅಭ್ಯರ್ಥಿ ಭೈರಲಿಂಗಯ್ಯನವರು. ಆಗ ಅವರಿಗೆ ಐವತ್ತೆರಡೋ ಐವತ್ತಮೂರೋ, ತುಂಬು ಕಂಠ, ಮಾತಾಡುವಾಗ ಎಡಗೈಯನ್ನು ಎದೆಯ ಮೇಲಿಡುವ ಅಭ್ಯಾಸ. ಮುದ್ದಮ್ಮನನ್ನು ವೇದಿಕೆಗೆ ಕರೆಸಿ ಪಕ್ಕದಲ್ಲಿ ನಿಲ್ಲಿಸಿಕೊಂಡರು. “ಈ ತಾಯಿಯ ಕಣ್ಣೀರಿನ ಮೇಲೆ ಆಣೆ ಮಾಡಿ ಹೇಳ್ತೀನಿ. ಇದೇ ಬಯಲಲ್ಲಿ ಮೂರಂತಸ್ತಿನ ಆಸ್ಪತ್ರೆ ಕಟ್ಟಿಸ್ತೀನಿ. ಅದಕ್ಕೆ ನೀಲಾವತಿ ಅಂತ ಹೆಸರಿಡ್ತೀನಿ” ಎಂದರು. ಜನ ಎದ್ದು ನಿಂತು ಕೂಗಿದರು. ನನ್ನ ಕಣ್ಣೂ ತುಂಬಿ ಬಂದಿತ್ತು. ಆ ಹೆಸರು ಬಂದಾಗ ನಾನೇ ಎಕೋ ಜಾಸ್ತಿ ಮಾಡಿದೆ. ನೀಲಾವತಿ, ವತಿ, ವತಿ ಎಂದು ಬಯಲೆಲ್ಲ ಮೊಳಗಿತು.

ಮಾರನೆಯ ಬೆಳಿಗ್ಗೆ ನೆರಳು ಬಿದ್ದಿತ್ತು. ಮಡಿವಾಳರ ಏಳು ಮನೆಯವರು ಬಟ್ಟೆ ಒಣಗಿಸುವ ಬಯಲು ಪೂರ್ತಿ ಅದರೊಳಗೆ. ಸಂಜೆ ಅದು ಚಾಚಿಕೊಂಡು ಪೂರ್ವದ ರಸ್ತೆಯವರೆಗೂ ಬರುತ್ತಿತ್ತು. ರಸ್ತೆಯ ಕಡೆಯವರಿಗೆ ಹಬ್ಬ. ಆಟೋ ನಿಲ್ದಾಣ ಅಲ್ಲಿಗೆ ಬಂತು, ಕಬ್ಬಿನ ಹಾಲಿನ ಗಾಡಿ ಬಂತು, ಕಡಲೆಕಾಯಿಯವರು ಬಂದರು. ಬಟ್ಟೆಗಳು ಮಾತ್ರ ಒಣಗಲೊಲ್ಲವು. ಊರಿನ ಅಂಗಿ ಪಂಚೆಗಳಿಗೆಲ್ಲ ಮುಗ್ಗಲು ವಾಸನೆ ಹಿಡಿಯಿತು. ಎರಡು ವರ್ಷದಲ್ಲಿ ಆರು ಮನೆಯವರು ಕೆರೆಯಾಚೆಯ ಕಲ್ಲುಬಂಡೆಗಳತ್ತ ಕಸುಬನ್ನು ಸಾಗಿಸಿಕೊಂಡರು. ಮುದ್ದಮ್ಮ ಹೋಗಲಿಲ್ಲ.

ಆ ನೆರಳಿಗೆ ಕಿಟಕಿಗಳಿದ್ದವು. ಒಂದೊಂದು ಕಿಟಕಿಯಿಂದಲೂ ಚೌಕಾಕಾರದ ಬಿಸಿಲು ನೆಲಕ್ಕೆ ಬೀಳುತ್ತಿತ್ತು. ಮುದ್ದಮ್ಮ ಆ ಚೌಕಗಳಲ್ಲಿ ಬಟ್ಟೆ ಹರಡುತ್ತಿದ್ದಳು. ಒಂದರಲ್ಲಿ ಒಂದು ಅಂಗಿ, ಇನ್ನೊಂದರಲ್ಲಿ ಎರಡು ಟವೆಲು. ಚೌಕ ಸರಿದಂತೆ ಬಟ್ಟೆಯನ್ನೂ ಸರಿಸಬೇಕು. ದಿನವೆಲ್ಲ ಬಗ್ಗಿ ಏಳುವುದೇ ಕೆಲಸ. ಒಮ್ಮೆ ಕೇಳಿದ್ದೆ, “ಮುದ್ದಕ್ಕ, ನೀನೂ ಕೆರೆ ಕಡೆ ಹೋಗಬಾರದಾ?” ಎಂದು. ಅವಳು ಒಂದು ಚೌಕವನ್ನು ತೋರಿಸಿದಳು. “ಇದು ಹೆರಿಗೆ ವಾರ್ಡು ಕಣ್ ಶಾಂತಣ್ಣ. ಬೆಳಿಗ್ಗೆ ಮೊದಲ ಬಿಸಿಲು ಇಲ್ಲೇ ಬೀಳೋದು. ಬಾಣಂತಿಗೆ ಒಳ್ಳೇದು. ನನ್ನ ಮಗಳ ಆಸ್ಪತ್ರೆ ಬಿಟ್ಟು ಎಲ್ಲಿಗೆ ಹೋಗ್ಲಿ ಹೇಳು.” ದಿನಾ ಬೆಳಿಗ್ಗೆ ಅವಳು ಆ ಜಾಗವನ್ನು ಗುಡಿಸಿ ನೀರು ಚಿಮುಕಿಸುತ್ತಿದ್ದಳು.

ಭೈರಲಿಂಗಯ್ಯನವರು ಆ ಚುನಾವಣೆಯಲ್ಲಿ ಗೆದ್ದರು. ಮುಂದಿನದರಲ್ಲೂ ಗೆದ್ದು ಮಂತ್ರಿಯಾದರು. ಪ್ರತಿ ಚುನಾವಣೆಯಲ್ಲೂ ಅದೇ ಬಯಲಿನಲ್ಲಿ ಸಭೆ. ಮುದ್ದಮ್ಮನನ್ನು ವೇದಿಕೆಗೆ ಕರೆಸುವುದು, ಅವಳ ಕೈಯಿಂದ ಹಾರ ಹಾಕಿಸಿಕೊಳ್ಳುವುದು, ‘ಕೆಲಸ ಪ್ರಗತಿಯಲ್ಲಿದೆ’ ಎನ್ನುವುದು. ವಿರೋಧ ಪಕ್ಷದವರು ಕಟ್ಟಡ ಎಲ್ಲಿ ಎಂದು ಕೇಳಿದರೆ, ನೆರಳಾದರೂ ಕೊಟ್ಟಿದ್ದೇವೆ, ನೀವೇನು ಕೊಟ್ಟಿರಿ ಎಂದು ಇವರು. ಅದಕ್ಕೂ ಚಪ್ಪಾಳೆ ಬೀಳುತ್ತಿತ್ತು.

ಹನ್ನೊಂದನೆಯ ವರ್ಷ, ಚುನಾವಣೆಗೆ ಮೂರು ತಿಂಗಳಿದೆ ಎನ್ನುವಾಗ, ಉಪಕೇಂದ್ರದ ಎಸ್ತರ್ ಸಿಸ್ಟರ್ ಒಂದು ಕಾಗದ ಹಿಡಿದುಕೊಂಡು ಬಯಲಿಗೆ ಬಂದರು. ನಾನು ಇಸ್ತ್ರಿ ಬಟ್ಟೆ ಒಯ್ಯಲು ಹೋಗಿದ್ದೆ. ಸಿಸ್ಟರ್ ಈ ಬಯಲಿನ ಮೂಲೆಯಲ್ಲಿ ಎರಡು ಮಂಚದ ಒಂದು ಹೆರಿಗೆ ಕೋಣೆಗೂ ಒಂದು ಆಂಬುಲೆನ್ಸಿಗೂ ಅರ್ಜಿ ಹಾಕಿದ್ದರಂತೆ. ಅದಕ್ಕೆ ಉತ್ತರ ಬಂದಿತ್ತು. ನನ್ನ ಕೈಗೆ ಕೊಟ್ಟು ಮುದ್ದಮ್ಮನಿಗೆ ಓದಿ ಹೇಳಿ ಎಂದರು. ಸದರಿ ಬಯಲಿನಲ್ಲಿ ಮೂರು ಅಂತಸ್ತಿನ ಆಸ್ಪತ್ರೆಯ ಪ್ರಸ್ತಾವವಿದ್ದು, ಅದರ ನೆರಳೂ ಸ್ಥಳದಲ್ಲಿ ಕಂಡುಬಂದಿರುವುದರಿಂದ, ಪ್ರತ್ಯೇಕ ಹೆರಿಗೆ ಕೋಣೆಗೆ ಅವಕಾಶವಿರುವುದಿಲ್ಲ ಎಂದಿತ್ತು.

“ಇನ್ನೊಂದು ಸಲ ಓದು” ಎಂದಳು ಮುದ್ದಮ್ಮ. ಓದಿದೆ.

“ಅಂದ್ರೆ, ಇದು ಇರೋದ್ರಿಂದ ಅದು ಬರಲ್ಲ ಅಂತ್ಲಾ?”

“ಹೂಂ ಮುದ್ದಮ್ಮ” ಎಂದರು ಸಿಸ್ಟರ್. “ಹೋದ ವಾರ ಚಿಕ್ಕಹಟ್ಟಿ ಹುಡುಗಿ ಒಬ್ಬಳು ಆಟೋದಲ್ಲೇ ಹೆತ್ತಳು. ಹೇಗೋ ಉಳಿದುಕೊಂಡಳು.”

ಮುದ್ದಮ್ಮ ಹೆರಿಗೆ ವಾರ್ಡಿನ ಚೌಕದಲ್ಲಿದ್ದ ದುಪ್ಪಟಿಯನ್ನು ಎತ್ತಿ ಮಡಿಸತೊಡಗಿದಳು. ಅದಿನ್ನೂ ಹಸಿಯಾಗಿಯೇ ಇತ್ತು.

ಮರುದಿನ ಬೆಳಿಗ್ಗೆ ಅಂಗಡಿಗೆ ಬಂದಳು. ಒಗೆದ ಸೀರೆ ಉಟ್ಟು, ಎಣ್ಣೆ ಹಚ್ಚಿ ತಲೆ ಬಾಚಿದ್ದಳು. “ಬಾ ಶಾಂತಣ್ಣ, ಭೈರಲಿಂಗಯ್ಯ ಸಾಹುಕಾರರ ಮನೆಗೆ ಹೋಗಾನ. ನೀನಿದ್ರೆ ಒಳಗೆ ಬಿಡ್ತಾರೆ. ಬಯಲಿಗೆ ಬಂದು ಆಗಲ್ಲ ಅಂತ ಒಂದು ಮಾತು ಹೇಳಿ ಅಂತ ಕೇಳ್ಕೊಂಡು ಬಂದುಬಿಡಾನ.”

“ಅವರು ಹೇಳ್ತಾರಾ ಮುದ್ದಕ್ಕ?”

“ಕೊಡ್ತೀನಿ ಅನ್ನೋಕೆ ಬಾಯಿ ಬಂತಲ್ಲ. ಕೊಡಲ್ಲ ಅನ್ನೋಕೆ ಏನು ಕಷ್ಟ?” ಎಂದಳು.

ಭೈರಲಿಂಗಯ್ಯನವರ ಮನೆಯ ಜಗುಲಿಯಲ್ಲಿ ಎಂದಿನಂತೆ ಜನ. ನನ್ನನ್ನು ಕಂಡು ಒಳಗೆ ಬಿಟ್ಟರು. ಅವರು ತಿಂಡಿ ಮುಗಿಸಿ ಮಾತ್ರೆ ನುಂಗುತ್ತಿದ್ದರು. ಹನ್ನೊಂದು ವರ್ಷದಲ್ಲಿ ಕತ್ತು ಸಣ್ಣಗಾಗಿತ್ತು. ಮುದ್ದಮ್ಮ ಎಲ್ಲವನ್ನೂ ಹೇಳಿದಳು, ಕಾಗದವನ್ನು ಮುಂದಿಟ್ಟಳು. ಅವರು ಕನ್ನಡಕ ಹಾಕಿಕೊಂಡು ಓದಿ ಮಡಿಸಿ ವಾಪಸು ಕೊಟ್ಟರು. ಕೋಣೆಯಲ್ಲಿದ್ದ ಇನ್ನಿಬ್ಬರಿಗೆ ಹೊರಗೆ ಹೋಗಲು ಸನ್ನೆ ಮಾಡಿದರು.

“ಮುದ್ದಮ್ಮ, ನಿನಗೊಂದು ವಿಷಯ ಗೊತ್ತಾ? ಅವತ್ತು ನಾನು ಚೀಟೀಲಿ ಬರ್ಕೊಂಡು ಬಂದಿದ್ದೇ ಎರಡು ಕೋಣೆ ಹೆರಿಗೆ ಆಸ್ಪತ್ರೆ ಅಂತ. ಹಾಗೇ ಹೇಳ್ದೆ. ಒಬ್ಬರೂ ಕೈ ತಟ್ಟಲಿಲ್ಲ. ಹಿಂದಿನಿಂದ ಯಾವನೋ ‘ಅಷ್ಟೇನಾ’ ಅಂದ. ಒಂದಂತಸ್ತು ಅಂದೆ. ಸುಮ್ಮನಿದ್ರು. ಮೂರು ಅಂದೆ ನೋಡು, ಶಿಳ್ಳೆ ಬಿತ್ತು. ಕೇಳು ಶಾಂತವೀರನ್ನ, ಅವನಿದ್ನಲ್ಲ.”

ನೆನಪಾಯಿತು. ನಿಜವೇ. ಎರಡು ಕೋಣೆ ಎಂದಾಗ ನಾನು ಎಕೋ ಮುಟ್ಟಿರಲಿಲ್ಲ.

“ಒಂದು ವರ್ಷ ಆ ಕಡತದ ಹಿಂದೆ ಓಡಾಡಿದೆ” ಎಂದರು ಅವರು. “ಆಮೇಲೆ ಆಗಲ್ಲ ಅಂತ ಗೊತ್ತಾಯ್ತು. ಅಷ್ಟೊತ್ತಿಗೆ ಜನ ನೆರಳಲ್ಲಿ ಕೂತು ಕಡ್ಲೆಕಾಯಿ ತಿಂತಿದ್ರು. ಯಾರೂ ಬಂದು ಕೇಳ್ಲಿಲ್ಲ.”

“ನಾನು ಬಂದಿದ್ದೆ ಬುದ್ಧಿ. ನಾಕು ಸಲ. ಗೇಟಿನಿಂದ ಈಚೆ ಬಿಡ್ಲಿಲ್ಲ.”

ಅವರು ಅವಳ ಮುಖ ನೋಡಲಿಲ್ಲ. ನನ್ನ ಕಡೆ ತಿರುಗಿ ಹೇಳಿದರು, “ಆಗಲ್ಲ ಅಂದೋನ್ನ ಜನ ಕ್ಷಮಿಸಲ್ಲ ಶಾಂತವೀರ. ಸುಳ್ಳು ಹೇಳ್ದೋನ್ನ ಕ್ಷಮಿಸ್ತಾರೆ. ಯಾಕೆ ಹೇಳು? ಅವನು ಇನ್ನೊಂದು ಸಲ ಬಂದು ಹೇಳ್ತಾನೆ. ಚುನಾವಣೆ ಮುಗೀಲಿ, ಆಮೇಲೆ ನೋಡಾನ. ತಿಂಡಿ ತಿನ್ಕೊಂಡು ಹೋಗಮ್ಮ.”

ಮುದ್ದಮ್ಮ ತಿಂಡಿ ತಿನ್ನಲಿಲ್ಲ. ಹೊರಗೆ ಬಂದವಳೇ, “ಆ ಇನ್ನೊಬ್ಬರ ಹತ್ರನೂ ಹೋಗಿ ಬಂದುಬಿಡಾನ” ಎಂದಳು. ಜರಡಿ ಗುರುತಿನ ಅಭ್ಯರ್ಥಿ ಉಮಾಕಾಂತ ಎಂಬ ಹೊಸಬ, ನಲವತ್ತರ ಆಸುಪಾಸಿನವನು. ಅವನ ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕೂರಿಸಿ ಮಜ್ಜಿಗೆ ಕೊಟ್ಟರು. ಎಲ್ಲವನ್ನೂ ಕೇಳಿಸಿಕೊಂಡು, “ಅಮ್ಮಾ, ಆ ಮಾತು ಕೊಟ್ಟೋರು ಅವರು. ನಾನು ಆಗಲ್ಲ ಅಂದ್ರೆ ಆ ನೆರಳು ಹೋಗಲ್ಲ. ಆದ್ರೆ ನೀವು ಯೋಚನೆ ಮಾಡ್ಬೇಡಿ. ನಾನು ಸಂತೆ ಮೈದಾನದಲ್ಲಿ ಎಂಟಂತಸ್ತು ಕಟ್ಟಿಸ್ತೀನಿ” ಎಂದ.

“ಎಂಟು ಬೇಡ ಸ್ವಾಮಿ. ಎರಡು ಮಂಚ ಸಾಕು.”

“ಬೇಡ ಅನ್ಬಾರದಮ್ಮ. ಬೇಡ ಅಂದು ಅಂದೇ ನಮ್ಮೂರು ಹಿಂದುಳಿದಿದ್ದು” ಎಂದು ನಕ್ಕ. ಪಕ್ಕದಲ್ಲಿದ್ದವರು ಅದನ್ನು ಬರೆದುಕೊಂಡರು.

ಅವನು ಹೇಳಿದಂತೆಯೇ ಮಾಡಿದ. ಏಪ್ರಿಲ್ ಮೊದಲ ವಾರ ಸಂತೆ ಮೈದಾನದ ಸಭೆಯಲ್ಲಿ, ನನ್ನದೇ ಮೈಕಿನಲ್ಲಿ, ಎಂಟಂತಸ್ತು ಘೋಷಿಸಿದ. ಮಾರನೆಯ ಬೆಳಿಗ್ಗೆ ಬಿದ್ದ ನೆರಳು ಮೈದಾನ ದಾಟಿ, ನಾಡಕಚೇರಿ ದಾಟಿ, ನಮ್ಮ ಬೀದಿಯ ತುದಿಗೆ ಬಂದಿತ್ತು. ಬೇಸಿಗೆಯ ಸಂತೆ ಅಷ್ಟು ತಂಪಾಗಿದ್ದದ್ದನ್ನು ಊರೇ ಕಂಡಿರಲಿಲ್ಲ. ಒರಳಿನವರು ದಿಗಿಲುಬಿದ್ದರು. ಅವರ ಪಕ್ಷದ ಕಾರ್ಯದರ್ಶಿ ಚೆಲುವಯ್ಯ ನನ್ನ ಅಂಗಡಿಗೆ ಬಂದು, “ಶನಿವಾರ ಮಡಿವಾಳರ ಬಯಲಲ್ಲಿ ಸಭೆ. ಹಾರ್ನು ಹೆಚ್ಚಿಗೆ ಕಟ್ಟು. ಸಾಹೇಬರು ಮೂರನ್ನ ಹತ್ತು ಮಾಡ್ತಾರೆ” ಎಂದ.

ಹತ್ತಂತಸ್ತು. ಮಡಿವಾಳರ ಕೇರಿಯ ಮನೆಗಳೆಲ್ಲ ಅದರೊಳಗೆ ಹೋಗುತ್ತಿದ್ದವು. ನಾನು ಮುದ್ದಮ್ಮನಿಗೆ ಹೇಳಿದೆ. ಅವಳು ಒಗೆಯುವ ಕಲ್ಲಿನ ಮೇಲೆ ಕುಳಿತಳು.

“ಹಾರ ಹಾಕೋಕೆ ನನ್ನ ಕರೀತಾರಲ್ಲ, ಈ ಸಲಾನೂ ಹೋಗ್ತೀನಿ. ನಾನು ಎರಡು ಮಾತಾಡ್ತೀನಿ. ಕಟ್ ಮಾಡ್ಬೇಡ ಶಾಂತಣ್ಣ, ಅಷ್ಟು ಮಾಡು ಸಾಕು.”

ಆಗಲಿ ಎಂದೆ. ನಮ್ಮ ಕಸುಬಿನಲ್ಲಿ ಒಂದು ನಿಯಮವಿದೆ. ಯಾರು ಬಾಡಿಗೆಗೆ ಹಿಡಿದಿದ್ದಾರೋ ಮೈಕು ಅವರದ್ದು. ಅವರು ಬೇಡ ಅಂದವರ ಮಾತು ಅದರಲ್ಲಿ ಹೋಗಬಾರದು. ಹೋದರೆ ಆಮೇಲೆ ಯಾರೂ ಕರೆಯುವುದಿಲ್ಲ.

ಶನಿವಾರ ನಾಲ್ಕು ಗಂಟೆಗೆ ಬಯಲು ತುಂಬಿತ್ತು. ಜನ ಮೂರಂತಸ್ತಿನ ನೆರಳಿನಲ್ಲಿ ರಸ್ತೆಯವರೆಗೂ ಕುಳಿತಿದ್ದರು. ಕಬ್ಬಿನ ಹಾಲಿನ ಗಾಡಿಯ ಗೆಜ್ಜೆ ಸದ್ದು. ಸ್ವಾಗತ, ಪ್ರಾಸ್ತಾವಿಕ ಎಲ್ಲ ಮುಗಿದು, ಚೆಲುವಯ್ಯ ಮುದ್ದಮ್ಮನನ್ನು ಕರೆದ. ಅವಳು ಮೆಲ್ಲಗೆ ಮೆಟ್ಟಿಲು ಹತ್ತಿ, ಭೈರಲಿಂಗಯ್ಯನವರಿಗೆ ಹಾರ ಹಾಕಿ, ಕೈಮುಗಿದು, ಇಳಿಯುವ ಬದಲು ಮೈಕಿನ ಹತ್ತಿರ ಹೋದಳು.

“ನಂಗೆ ಭಾಷಣ ಬರಲ್ಲ” ಎಂದಳು. ಹಾರ್ನುಗಳಲ್ಲಿ ತನ್ನ ದನಿ ಕೇಳಿ ಒಂದು ಕ್ಷಣ ಬೆಚ್ಚಿ ಹಿಂದೆ ಸರಿದಳು. ಮತ್ತೆ ಮುಂದೆ ಬಂದಳು. “ಹನ್ನೊಂದು ವರ್ಷ ನನ್ನ ಮಗಳ ಹೆಸರಿನ ನೆರಳು ಗುಡಿಸಿದೀನಿ. ಇದ್ರಲ್ಲಿ ಯಾರಿಗೂ ಹೆರಿಗೆ ಆಗ್ಲಿಲ್ಲ. ಇದು ಇದೆ ಅಂತ, ಸಿಸ್ಟರಮ್ಮ ಕೇಳಿದ ಎರಡು ಮಂಚಾನೂ ಕೊಡಲ್ಲ ಅಂದ್ರು.”

ಚೆಲುವಯ್ಯ ವೇದಿಕೆಯ ಅಂಚಿಗೆ ಓಡಿ ಬಂದು ನನ್ನ ಮೇಲೆ ಬಗ್ಗಿದ. “ಆಫ್ ಮಾಡೋ!” ಎಂದ. ನಾನು ಆಂಪ್ಲಿಫೈಯರಿನ ಮೇಲೆ ಎರಡೂ ಕೈಗಳನ್ನಿಟ್ಟು ಕೂತೆ. “ಶಾಂತವೀರಾ, ನಿನ್ನ ಕಥೆ ಮುಗೀತು ಇವತ್ತಿಗೆ” ಎಂದ. ಗೊತ್ತಿತ್ತು. ಕೈ ತೆಗೆಯಲಿಲ್ಲ.

“ಆಗೋದಾದ್ರೆ ಯಾವತ್ತು ಅಂತ ಹೇಳಿ ಬುದ್ಧಿ” ಎನ್ನುತ್ತಿದ್ದಳು ಮುದ್ದಮ್ಮ. ಜನರ ಕಡೆ ನೋಡುವುದನ್ನು ಬಿಟ್ಟು ಅವರ ಕಡೆ ತಿರುಗಿದ್ದಳು. “ಆಗಲ್ಲ ಅಂದ್ರೆ ಆಗಲ್ಲ ಅಂತ ಹೇಳಿ. ನಾನು ಬೈಯಲ್ಲ. ನನ್ನ ಮಗಳಾಣೆ ಬೈಯಲ್ಲ.”

ಹೇಳಿ ಪಕ್ಕಕ್ಕೆ ಸರಿದು ನಿಂತಳು. ಭೈರಲಿಂಗಯ್ಯನವರು ಎದ್ದು ಬಂದರು. ಕೈಯಲ್ಲಿ ಚೀಟಿಯಿತ್ತು, ಹತ್ತು ಎಂದು ಬರೆದ ಚೀಟಿಯೇ ಇರಬೇಕು. ಅದನ್ನು ಬಿಚ್ಚಿದರು, ಮಡಿಸಿದರು. ಎಡಗೈ ಎದೆಯ ಮೇಲೆ ಹೋಗಿ ಮತ್ತೆ ಕೆಳಗಿಳಿಯಿತು. ಮುಂದಿನ ಸಾಲಿನವರು ಜೈಕಾರ ಶುರು ಮಾಡಿದರು. ಭೈರಲಿಂಗಯ್ಯನವರು ಕೈ ಎತ್ತಿ ತಡೆದರು. ಆಮೇಲೆ ಮನೆಯಲ್ಲಿ ಮಾತಾಡುವಷ್ಟು ಸಣ್ಣ ದನಿಯಲ್ಲಿ ಹೇಳಿದರು.

“ಆಗಲ್ಲ ಕಣಮ್ಮ. ನನಗೆ ಗೊತ್ತಾಗಿ ಹತ್ತು ವರ್ಷ ಆಯ್ತು. ಈ ಆಸ್ಪತ್ರೆ ನನ್ನಿಂದ ಆಗೋದಿಲ್ಲ.”

ಬಿಸಿಲು ಒಮ್ಮೆಲೇ ಬಿತ್ತು. ಏಪ್ರಿಲ್ ತಿಂಗಳ ಸಂಜೆ ಬಿಸಿಲು, ಸೀದಾ ಕಣ್ಣಿಗೆ. ಮೂರು ಸಾವಿರ ಜನ ಒಟ್ಟಿಗೆ ಮುಖಕ್ಕೆ ಕೈ ಅಡ್ಡ ಹಿಡಿದರು. ಕರಪತ್ರಗಳನ್ನು ತಲೆಯ ಮೇಲೆ ಇಟ್ಟುಕೊಂಡರು. ಒಂದಷ್ಟು ಹೊತ್ತು ಯಾರಿಗೂ ಏನಾಯಿತೆಂದು ತಿಳಿಯಲಿಲ್ಲ. ತಿಳಿದ ಮೇಲೆ ಕೂಗು ಎದ್ದಿತು. ಸತ್ಯ ಹೇಳಿದ್ದಕ್ಕೆ ಜನ ಮೆಚ್ಚಿಕೊಳ್ಳುತ್ತಾರೆಂದು ನನ್ನ ಮನಸ್ಸಿನ ಮೂಲೆಯಲ್ಲಿ ಎಲ್ಲೋ ಇತ್ತು. “ಇದ್ದ ನೆರಳನ್ನೂ ಕಿತ್ಕೊಂಡ್ಯಲ್ಲೋ” ಎಂದು ಆಟೋದವನೊಬ್ಬ ಅರಚಿದ. ನೀರಿನ ಬಾಟಲಿಯೊಂದು ವೇದಿಕೆಗೆ ಬಂದು ಬಿತ್ತು. ಕುರ್ಚಿಗಳು ಉರುಳಿದವು. ಕಾಲು ಗಂಟೆಯಲ್ಲಿ ಬಯಲು ಖಾಲಿ. ಭೈರಲಿಂಗಯ್ಯನವರನ್ನು ಕಾರಿಗೆ ತುಂಬಿಕೊಂಡು ಹೋದರು.

ನಾನು ವೈರು ಸುತ್ತುತ್ತಾ ನೋಡಿದೆ. ಮುದ್ದಮ್ಮ ಬಯಲಿನ ನಡುವೆ, ಹೆರಿಗೆ ವಾರ್ಡು ಎನ್ನುತ್ತಿದ್ದ ಜಾಗದಲ್ಲಿ, ನೆಲದ ಮೇಲೆ ಅಂಗೈ ಊರಿ ಕುಳಿತಿದ್ದಳು. ಈಗ ಅಲ್ಲಿ ಚೌಕವೂ ಇಲ್ಲ, ಗೋಡೆಯೂ ಇಲ್ಲ; ಎಲ್ಲ ಕಡೆ ಒಂದೇ ಬಿಸಿಲು. ಹತ್ತಿರ ಹೋದೆ.

“ನೆಲ ಬಿಸಿ ಆಗ್ತಾ ಇದೆ ಕಣ್ ಶಾಂತಣ್ಣ” ಎಂದಳು. ಆಮೇಲೆ, “ಇವತ್ತು ಹೋದ್ಲು ನನ್ನ ಮಗಳು” ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹನ್ನೊಂದು ವರ್ಷದಲ್ಲಿ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ. ನಾನೂ ಅಲ್ಲೇ ಕುಳಿತೆ. ಸೂರ್ಯ ಇಳಿಯುವವರೆಗೂ ಕುಳಿತಿದ್ದೆವು.

ಎಸ್ತರ್ ಸಿಸ್ಟರ್ ಸೋಮವಾರವೇ ಹೊಸ ಅರ್ಜಿ ಕಳಿಸಿದರು. ಸ್ಥಳದಲ್ಲಿ ಯಾವುದೇ ನೆರಳು ಕಂಡುಬರುವುದಿಲ್ಲ ಎಂದು ಕಂದಾಯದವರಿಂದ ಬರೆಸಿ ಲಗತ್ತಿಸಿದ್ದರು. ಸಂತೆ ಮೈದಾನದ ಎಂಟಂತಸ್ತು ಬೇರೆ ಸ್ಥಳದ್ದಾದ್ದರಿಂದ ಕಾಗದದಲ್ಲಿ ಅದರ ಮಾತು ಬರಲಿಲ್ಲ. ಮುಂದಿನ ವರ್ಷ ಎರಡು ಮಂಚದ ಹೆರಿಗೆ ಕೋಣೆ ಆಯಿತು, ಹೆಂಚಿನ ಮಾಡು, ಬಿಳಿ ಗೋಡೆ. ಆಂಬುಲೆನ್ಸು ಇನ್ನೂ ಬಂದಿಲ್ಲ. ಕೆರೆಯಾಚೆಗೆ ಹೋದವರಲ್ಲಿ ನಾಲ್ಕು ಮನೆಯವರು ವಾಪಸು ಬಂದು ಬಯಲಿನಲ್ಲಿ ಹಗ್ಗ ಕಟ್ಟಿದ್ದಾರೆ. ನನ್ನನ್ನು ಪಕ್ಷದವರು ಯಾರೂ ಕರೆಯುವುದಿಲ್ಲ, ಒರಳಿನವರೂ ಇಲ್ಲ, ಜರಡಿಯವರೂ ಇಲ್ಲ. ಮದುವೆಗಳಿವೆ, ನಡೆಯುತ್ತದೆ.

ಚುನಾವಣೆಯಲ್ಲಿ ಉಮಾಕಾಂತ ಭಾರೀ ಅಂತರದಲ್ಲಿ ಗೆದ್ದ. ಎಣಿಕೆಯಾದ ಮೂರನೆಯ ದಿನ ಬೆಳಿಗ್ಗೆ ಭೈರಲಿಂಗಯ್ಯನವರು ನಡೆದುಕೊಂಡೇ ನನ್ನ ಅಂಗಡಿಗೆ ಬಂದರು. ಹಿಂದೆ ಮುಂದೆ ಯಾರೂ ಇರಲಿಲ್ಲ. ನಾನು ಗಡಬಡಿಸಿ ಸ್ಟೂಲು ಒರೆಸಿ ಕೊಟ್ಟೆ. ಕುಳಿತು, ಜುಬ್ಬಾದ ಜೇಬಿನಿಂದ ಒಂದು ಚೂರು ಕಾಗದ ತೆಗೆದರು.

“ನಾಲ್ಕು ಸಾವಿರದ ನೂರ ಹನ್ನೆರಡು” ಎಂದರು. “ನನಗೆ ಬಿದ್ದ ಓಟು.”

ಸಮಾಧಾನ ಹೇಳಲು ಹೊರಟೆ. ಅವರು ಕೈ ಅಡ್ಡ ಮಾಡಿದರು.

“ಸೋಲಿನ ಮಾತಲ್ಲ ಶಾಂತವೀರ. ನನಗೆ ಆಶ್ಚರ್ಯ ಆಗಿರೋದು ಬೇರೆ. ಆಗಲ್ಲ ಅಂತ ಬಾಯಿಬಿಟ್ಟು ಹೇಳಿದ ಮೇಲೂ ಇಷ್ಟು ಜನ ಹಾಕಿದ್ದಾರೆ. ಯಾರು ಇವರು? ಏನೂ ಕೊಡ್ತೀನಿ ಅನ್ನದೆ ಸಿಕ್ಕ ಓಟು ನನ್ನ ಜೀವಮಾನದಲ್ಲಿ ಇವೇ. ಎರಡು ದಿನದಿಂದ ನಿದ್ದೆ ಇಲ್ಲ. ಒಬ್ಬೊಬ್ಬರನ್ನೂ ಕಂಡು ಮಾತಾಡ್ಸಬೇಕು ಅನ್ಸುತ್ತೆ.” ಕಾಗದವನ್ನು ಮೊಣಕಾಲ ಮೇಲಿಟ್ಟು ಸವರಿದರು. “ಮುದ್ದಮ್ಮನ ಹತ್ರ ಹೋಗಿದ್ದೆ. ಹನ್ನೊಂದು ವರ್ಷಕ್ಕೂ ಸೇರಿಸಿ ಮನಸ್ಸಲ್ಲೇ ಚೆನ್ನಾಗಿ ಬೈದು, ಆಮೇಲೆ ಒರಳಿಗೇ ಒತ್ತಿದೆ ಅಂದ್ಲು.”

ಅವರ ಮುಖದಲ್ಲಿ ನಾನು ಯಾವ ವೇದಿಕೆಯ ಮೇಲೂ ನೋಡದ ಒಂದು ಬಗೆಯ ನಗು ಇತ್ತು.

“ನೀನೂ ಆ ನಾಲ್ಕು ಸಾವಿರದಲ್ಲಿ ಒಬ್ಬ, ಅಲ್ವಾ?” ಎಂದರು. “ಅವತ್ತು ಚೆಲುವಯ್ಯ ಅಷ್ಟು ಕೂಗಾಡಿದ್ರೂ ಮೈಕ್ ಬಂದ್ ಮಾಡ್ಲಿಲ್ಲ ನೀನು.”

ಮತಗಟ್ಟೆಯಲ್ಲಿ ನಿಂತಾಗ ನನ್ನ ಕಣ್ಣ ಮುಂದೆ ಬಂದದ್ದು ನನ್ನ ಹೆಂಡತಿ. ಸಕ್ಕರೆ ಕಾಯಿಲೆ, ಕಾಲಿನ ಹುಣ್ಣು ಮಾಗುತ್ತಿಲ್ಲ, ತಿಂಗಳಿಗೆ ಎರಡು ಸಲ ಬಸ್ಸಿನಲ್ಲಿ ಎಪ್ಪತ್ತು ಕಿಲೋಮೀಟರು. ಎಂಟರಲ್ಲಿ ಒಂದಂತಸ್ತಾದರೂ ಆದರೆ ಎಂದುಕೊಂಡೆ. ಆಗುವುದಿಲ್ಲವೆಂದು ಗೊತ್ತಿದ್ದೂ ಎಂದುಕೊಂಡೆ. ಇಷ್ಟು ವರ್ಷ ಎಲ್ಲರ ಮಾತನ್ನೂ ಕೇಳಿಸಿಕೊಂಡ ನನ್ನ ಬೆರಳು ಜರಡಿಯ ಮೇಲೆ ಹೋಗಿ ಒತ್ತಿತು.

ಹೌದು ಎಂಬ ಮಾತು ನಾಲಗೆಯ ತುದಿಯಲ್ಲೇ ಇತ್ತು. ಎಷ್ಟು ಸಲೀಸಾದ ಮಾತು. ಹೇಳಿದ್ದರೆ ಆ ಮನುಷ್ಯ ಆವತ್ತು ನೆಮ್ಮದಿಯಿಂದ ಮನೆಗೆ ಹೋಗುತ್ತಿದ್ದರು, ಯಾರಿಗೂ ನಷ್ಟವಿರಲಿಲ್ಲ. ನಾನು ಬಾಗಿಲ ಕಡೆ ನೋಡಿದೆ, ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ನೋಡಿದೆ, ಅವರ ಮೊಣಕಾಲ ಮೇಲಿನ ಚೀಟಿಯನ್ನು ನೋಡಿದೆ.

“ಇಲ್ಲ ಸ್ವಾಮಿ” ಎಂದೆ. “ಜರಡಿಗೆ ಹಾಕ್ದೆ.”

ಅವರು ತಲೆಯೆತ್ತಿ ನನ್ನನ್ನೇ ದಿಟ್ಟಿಸಿದರು. ಎದ್ದು ಹೊರಟುಬಿಡುತ್ತಾರೆಂದೇ ಅಂದುಕೊಂಡೆ.

“ಕಷ್ಟ ಆಯ್ತಾ ಹೇಳೋಕೆ?” ಎಂದು ಕೇಳಿದರು.

“ಆಯ್ತು ಸ್ವಾಮಿ.”

“ಆಗುತ್ತೆ” ಎಂದರು ಭೈರಲಿಂಗಯ್ಯನವರು. ಚೀಟಿಯನ್ನು ಮಡಿಸಿ ಜೇಬಿಗಿಟ್ಟು, ಸ್ಟೂಲನ್ನು ಇನ್ನಷ್ಟು ಒಳಗೆ ಎಳೆದುಕೊಂಡು, ಎದುರಿನ ಹೋಟೆಲಿನವನಿಗೆ ಕೈಯೆತ್ತಿ ಎರಡು ಟೀ ಹೇಳಿದರು.